ಊರು ಕದಲಲಿಲ್ಲ, ವಿಳಾಸ ಕದಲಿತು

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೆಸರನ್ನು ‘ಬೆಂಗಳೂರು ಉತ್ತರ’ ಎಂದು ಬದಲಿಸಲು ಒಪ್ಪಿಗೆ ಕೊಟ್ಟಿತು. ಇಂಥ ಸುದ್ದಿ ಬಂದಾಗ ನಮ್ಮ ಹೊಸಕೋಟೆ ಕಡೆ ಮೊದಲು ಏಳುವ ಪ್ರಶ್ನೆ, ಸೈಟಿನ ರೇಟು ಎಷ್ಟು ಏರುತ್ತದೆ ಎನ್ನುವುದು. ಎರಡನೆಯದು, ರೇಷನ್ ಕಾರ್ಡು, ಆಧಾರ್ ಎಲ್ಲಕ್ಕೂ ಮತ್ತೆ ಕ್ಯೂ ನಿಲ್ಲಬೇಕೇ ಎನ್ನುವುದು. ವೆಬ್‌ಸೈಟಿನ ಥೀಮ್ ಬರೆದು ಹೊಟ್ಟೆ ಹೊರೆಯುವವರಿಗೆ ಮೂರನೆಯದೊಂದು ಪ್ರಶ್ನೆಯಿದೆ: ಆ ಹಳೆಯ ಹೆಸರನ್ನು ನಾವು ಎಲ್ಲೆಲ್ಲಿ ಬರೆದಿಟ್ಟಿದ್ದೇವೆ?

ಹೊಸಕೋಟೆಗೆ ಇದು ಮೊದಲ ಅನುಭವವೇನಲ್ಲ. ಸುಗಟೂರಿನ ತಮ್ಮೇಗೌಡ 1595ರ ಸುಮಾರಿಗೆ ಕೋಟೆ ಕಟ್ಟಿಸಿದ ಜಾಗದಲ್ಲೇ ಊರು ಇವತ್ತಿಗೂ ಇದೆ. ಕೆರೆ, ಅವಿಮುಕ್ತೇಶ್ವರನ ಗುಡಿ ಎಲ್ಲವೂ ಇದ್ದಲ್ಲೇ ಇವೆ. ಬದಲಾದದ್ದು ಊರಿನ ಮೇಲಿನ ಹೆಸರು. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾಯಿತು. ಹೊಸಕೋಟೆ ಗ್ರಾಮಾಂತರಕ್ಕೆ ಬಿತ್ತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಬೇರೆ ಜಿಲ್ಲೆಯಾಗಿ ಹೋದವು. ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂತು. ಈ ನಡುವೆ ನಮ್ಮ ಪುರಸಭೆ ನಗರಸಭೆಯಾಯಿತು, ಊರ ಮಗ್ಗುಲಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 4 ಹೋಗಿ 75 ಆಯಿತು. ಗ್ರಾಮಾಂತರ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಯಂತೂ ಎಷ್ಟೋ ವರ್ಷ ಜಿಲ್ಲೆಯ ಒಳಗೇ ಇರಲಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರದ ಪೋಡಿಯಂ ಬ್ಲಾಕಿನಲ್ಲಿತ್ತು. ಹಳ್ಳಿಯವರು ತಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಜಿಲ್ಲೆಯ ಗಡಿ ದಾಟಬೇಕಿತ್ತು.

ಇಷ್ಟೆಲ್ಲ ಆದರೂ ಜಮೀನಿನ ವ್ಯವಹಾರ ನಿಲ್ಲಲಿಲ್ಲ. ಪಹಣಿಯ ಕ್ರಮವೇ ಅಂಥದ್ದು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಊರೊಳಗೆ ಮಾತಾಡುವಾಗ ‘ನಲವತ್ತೈದರ ಎರಡು’ ಎಂದರೆ ಸಾಕು, ಯಾರ ಹೊಲ ಎಂದು ಎಲ್ಲರಿಗೂ ಗೊತ್ತು. ಅದೇ ಮಾತನ್ನು ತಾಲ್ಲೂಕು ಕಚೇರಿಯಲ್ಲಿ ಹೇಳಿದರೆ ‘ಯಾವೂರು?’ ಎನ್ನುತ್ತಾರೆ. ಮೇಲಿನ ಹೆಸರು ಏನಾದರೂ ಆಗಲಿ, ಕೆಳಗಿನ ನಂಬರು ತನ್ನ ಊರಿನ ಲೆಕ್ಕದಲ್ಲಿ ನಿಂತಿರುತ್ತದೆ. ವೆಬ್‌ನಲ್ಲಿ ಬೇಸ್ ಯುಆರ್‌ಎಲ್ ಎಂದು ಕರೆಯುವುದು ಈ ‘ಯಾವೂರು?’ ಎಂಬ ಪ್ರಶ್ನೆಗೆ ಉತ್ತರವನ್ನು. ಉತ್ತರ ಎಲ್ಲಿ ಬರೆದಿರಬೇಕು, ಯಾರು ಬರೆಯಬೇಕು ಎಂಬುದರ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಗ್ಗಜಗ್ಗಾಟ ನಡೆದಿದೆ.

ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಮೊದಲ ವೆಬ್ ಸರ್ವರ್ ನಡೆಸಿದಾಗ ವಿಳಾಸದ ಆಕಾರವನ್ನು ಶೂನ್ಯದಿಂದ ಕಟ್ಟಲಿಲ್ಲ. ಫೋಲ್ಡರ್‌ಗಳ ನಡುವಿನ ಓರೆಗೆರೆ ಯುನಿಕ್ಸ್‌ನಿಂದ ಬಂತು. ಯಂತ್ರದ ಹೆಸರಿನ ಮುಂದಿನ ಜೋಡಿ ಓರೆಗೆರೆ ಅಪೊಲೊ ಎಂಬ ಕಂಪ್ಯೂಟರುಗಳ ಪದ್ಧತಿ. ಆ ಜೋಡಿ ಗೆರೆ ಬೇಕಿರಲಿಲ್ಲ ಎಂದು ಆತ 2009ರಲ್ಲಿ ಹೇಳಿಕೊಂಡಾಗ ಪತ್ರಿಕೆಗಳಿಗೆ ಒಳ್ಳೆಯ ತಲೆಬರಹ ಸಿಕ್ಕಿತ್ತು. ಅದಕ್ಕಿಂತ ದೊಡ್ಡ ವಿಷಯ, 1994ರ ಜೂನ್‌ನಲ್ಲಿ ಆತ ಬರೆದ ಆರ್‌ಎಫ್‌ಸಿ 1630 ಎಂಬ ದಾಖಲೆಯಲ್ಲೇ ಅರ್ಧ ವಿಳಾಸಕ್ಕೂ ಜಾಗವಿತ್ತು. ಒಟ್ಟಿಗೆ ಇರುವ ಪುಟಗಳು ಪರಸ್ಪರ ಪೂರ್ತಿ ಹೆಸರು ಹಿಡಿದು ಕರೆಯಬೇಕಿಲ್ಲ. ಇಡೀ ಗುಂಪನ್ನು ಎತ್ತಿ ಬೇರೆ ಸರ್ವರಿನಲ್ಲಿ ಇಟ್ಟರೂ ಕೊಂಡಿಗಳು ಕೆಲಸ ಮಾಡಬೇಕು.

ಮರುವರ್ಷ, 1995ರ ಜೂನ್‌ನಲ್ಲಿ, ಇರ್ವಿನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ ಫೀಲ್ಡಿಂಗ್ ಇದಕ್ಕೆ ಕಾನೂನಿನ ರೂಪ ಕೊಟ್ಟರು. ಆರ್‌ಎಫ್‌ಸಿ 1808 ಎಂಬ ಈ ದಾಖಲೆಯ ಪ್ರಕಾರ, ಅರ್ಧ ವಿಳಾಸ ಸಿಕ್ಕರೆ ಬ್ರೌಸರ್ ಬೇಸ್ ಎಲ್ಲಿದೆ ಎಂದು ಹುಡುಕಬೇಕು. ಪುಟದ ಒಳಗೇ ಬರೆದಿದೆಯೇ? ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಪುಟವನ್ನು ಹೊತ್ತು ತಂದ ಹೊದಿಕೆಯಲ್ಲಿದೆಯೇ? ಅಲ್ಲೂ ಇಲ್ಲದಿದ್ದರೆ ಪುಟವನ್ನು ಯಾವ ವಿಳಾಸದಿಂದ ತಂದೆವೋ ಅದೇ ಬೇಸ್. ಇದಾದ ಎರಡು ತಿಂಗಳಿಗೆ, ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15, ನಮ್ಮ ಜಿಲ್ಲೆ ಹುಟ್ಟಿದ್ದು ಅದೇ ತಾರೀಖು. ನಮ್ಮ ದೇಶದಲ್ಲಿ ವಿಳಾಸಗಳಿಗೆ ಸ್ವಾತಂತ್ರ್ಯ ದಿನದ ಮೇಲೆ ಏನೋ ಮೋಹ.

ಫೀಲ್ಡಿಂಗ್ ನಿಯಮ ಹೇಗೆ ನಡೆಯುತ್ತದೆ ಎಂದು ನಮ್ಮ ಹೋಬಳಿಗಳನ್ನೇ ಇಟ್ಟುಕೊಂಡು ನೋಡಬಹುದು. ಹೊಸಕೋಟೆ ತಾಲ್ಲೂಕಿನಲ್ಲಿ ಕಸಬಾ, ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ ಎಂದು ಐದು ಹೋಬಳಿ. ಒಂದು ತಾಣದಲ್ಲಿ ‘/ಗ್ರಾಮಾಂತರ/ಹೊಸಕೋಟೆ/’ ಎಂಬ ಪುಟವಿದೆ ಎನ್ನೋಣ. ಅದರೊಳಗೆ ಬರೀ ‘ನಂದಗುಡಿ’ ಎಂದು ಕೊಂಡಿ ಕೊಟ್ಟರೆ ಬ್ರೌಸರ್ ಅದನ್ನು ‘/ಗ್ರಾಮಾಂತರ/ಹೊಸಕೋಟೆ/ನಂದಗುಡಿ’ ಎಂದು ಓದುತ್ತದೆ. ಸರಿಯಾಗಿದೆ. ಈಗ ಪುಟದ ವಿಳಾಸದ ಕೊನೆಯ ಗೆರೆಯೊಂದನ್ನು ಅಳಿಸಿ: ‘/ಗ್ರಾಮಾಂತರ/ಹೊಸಕೋಟೆ’. ಬ್ರೌಸರಿನ ಕಣ್ಣಿಗೆ ಹೊಸಕೋಟೆ ಈಗ ಫೋಲ್ಡರ್ ಅಲ್ಲ, ಒಂದು ಕಡತ. ಕಡತದ ಹೆಸರನ್ನು ತೆಗೆದುಹಾಕಿ ಆ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಅದೇ ಕೊಂಡಿ ‘/ಗ್ರಾಮಾಂತರ/ನಂದಗುಡಿ’ ಆಗುತ್ತದೆ. ಒಂದು ಗೆರೆ ಬಿಟ್ಟುಹೋದದ್ದಕ್ಕೆ ನಂದಗುಡಿಗೆ ರಾತ್ರೋರಾತ್ರಿ ತಾಲ್ಲೂಕು ಪಟ್ಟ. ಥೀಮ್ ಬರೆಯುವವರು ಇವತ್ತಿಗೂ ತಲೆ ಚಚ್ಚಿಕೊಳ್ಳುವ ದೋಷಗಳಲ್ಲಿ ಅರ್ಧದಷ್ಟು ಈ ಕೊನೆಯ ಗೆರೆಯದ್ದು ಎಂದರೆ ನಾನು ಆಶ್ಚರ್ಯಪಡುವುದಿಲ್ಲ.

ಸೂಲಿಬೆಲೆಯ ಪುಟದಿಂದ ಒಂದು ಮೆಟ್ಟಿಲು ಮೇಲೇರಿ ಪಕ್ಕಕ್ಕೆ ಇಳಿಯಬೇಕಾದರೆ ‘../ನಂದಗುಡಿ/’ ಎಂದು ಬರೆಯಬೇಕು. ಎರಡು ಚುಕ್ಕೆ ಎಂದರೆ ಒಂದು ಮೆಟ್ಟಿಲು. ಮೆಟ್ಟಿಲು ಮುಗಿದ ಮೇಲೂ ಹತ್ತಿದರೆ? ಫೀಲ್ಡಿಂಗ್ ಈ ಅಸಹಜ ಪ್ರಸಂಗಗಳಿಗೂ ಪಟ್ಟಿ ಬರೆದಿದ್ದರು. 1995ರಲ್ಲಿ ಉಳಿದ ಚುಕ್ಕೆಗಳನ್ನು ಹಾಗೇ ಇಟ್ಟುಕೊಳ್ಳಿ ಎಂದಿದ್ದ ನಿಯಮ, 2005ರ ಜನವರಿಯ ಆರ್‌ಎಫ್‌ಸಿ 3986ರಲ್ಲಿ ಅವನ್ನು ಬಿಸಾಕಿ ಎಂದು ತಿರುಗಿತು.

ಕನ್ನಡಕ್ಕೆ ಬಂದರೆ, 1996ರಲ್ಲಿ ಯು.ಬಿ. ಪವನಜ ‘ವಿಶ್ವಕನ್ನಡ’ ಜಾಲಪತ್ರಿಕೆ ಶುರುಮಾಡಿದ ಕಾಲಕ್ಕೆ ಥೀಮ್ ಎಂಬ ಮಾತೇ ಇರಲಿಲ್ಲ. ಪುಟಗಳನ್ನು ಒಂದೊಂದಾಗಿ ಬರೆದು ಸರ್ವರಿಗೆ ಏರಿಸುವುದು ವಾಡಿಕೆ. ಆಗಿನ ತಲೆನೋವು ವಿಳಾಸಕ್ಕಿಂತ ಫಾಂಟಿನದು. ಎಲ್ಲ ಪುಟವೂ ಕೈಯಲ್ಲಿ ಬರೆದದ್ದಾದ್ದರಿಂದ ಎಲ್ಲಿ ಏನಿದೆ ಎಂದು ಬರೆದವರಿಗೆ ಗೊತ್ತಿರುತ್ತಿತ್ತು.

ಪರಿಸ್ಥಿತಿ ತಿರುಗಿದ್ದು 2005ರಲ್ಲಿ. ಆ ಫೆಬ್ರವರಿಯಲ್ಲಿ ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ 1.5 ಆವೃತ್ತಿ ಥೀಮ್ ಎಂಬ ವ್ಯವಸ್ಥೆಯೊಂದಿಗೆ ಬಂತು. ಬರಹ ಒಂದು ಕಡೆ, ಅದಕ್ಕೆ ತೊಡಿಸುವ ಬಟ್ಟೆ ಇನ್ನೊಂದು ಕಡೆ. ಏಪ್ರಿಲ್‌ನಲ್ಲಿ ಅಂಥದೇ ಇನ್ನೊಂದು ತಂತ್ರಾಂಶ, ದ್ರುಪಾಲ್ 4.6 ಬಂತು. ಅದೇ ವರ್ಷ ಹರಿಪ್ರಸಾದ್ ನಾಡಿಗ್ ‘ಸಂಪದ’ ತಾಣವನ್ನು ತೆರೆದರು. ಅದು ನಡೆದದ್ದು ದ್ರುಪಾಲ್ ಮೇಲೆ. ಕನ್ನಡದಲ್ಲಿ ಬರೆಯುವವರು ನೂರಾರು ಸಂಖ್ಯೆಯಲ್ಲಿ ಒಂದೇ ತಾಣದಲ್ಲಿ ಸೇರಿದ್ದು, ಯಾರೋ ಒಬ್ಬರು ಬರೆದ ಥೀಮ್ ಇನ್ನೆಲ್ಲೋ ಕೂತು ಕೆಲಸ ಮಾಡತೊಡಗಿದ್ದು ಈ ಹೊತ್ತಿನಲ್ಲಿ. ‘ಇನ್ನೆಲ್ಲೋ’ ಎಂಬುದೇ ಕಷ್ಟದ ಬೇರು. ಥೀಮ್ ಬರೆಯುವಾತ ತನ್ನ ಕಂಪ್ಯೂಟರಿನ ‘ಲೋಕಲ್‌ಹೋಸ್ಟ್’ನಲ್ಲಿ, ಒಂದು ಉಪಫೋಲ್ಡರಿನಲ್ಲಿ ಕೂತಿರುತ್ತಾನೆ. ಬಳಸುವವರ ತಾಣ ಒಂದು ಡೊಮೇನಿನ ನೆತ್ತಿಯಲ್ಲಿರಬಹುದು, ‘/ಬ್ಲಾಗ್/’ ಒಳಗಿರಬಹುದು. ಲೋಗೋ ಚಿತ್ರಕ್ಕೆ ಏನೆಂದು ಬರೆಯುವುದು?

ಮೂರು ದಾರಿ. ‘ಚಿತ್ರ/ಲೋಗೋ’ ಎಂದು ಬರೆದರೆ ಮುಖಪುಟದಲ್ಲಿ ಲೋಗೋ ಕಾಣುತ್ತದೆ, ಒಳಪುಟಕ್ಕೆ ಹೋದರೆ ಮಾಯ. ‘/ಚಿತ್ರ/ಲೋಗೋ’ ಎಂದು ಮುಂದೊಂದು ಗೆರೆ ಹಾಕಿದರೆ ಡೊಮೇನಿನ ನೆತ್ತಿಯಿಂದ ಎಣಿಕೆ ಶುರುವಾಗುತ್ತದೆ. ತಾಣ ಉಪಫೋಲ್ಡರಿನಲ್ಲಿದ್ದರೆ ಕೈಕೊಡುತ್ತದೆ. ಪೂರ್ತಿ ವಿಳಾಸ ಬರೆದರೆ ಎಲ್ಲ ಪುಟದಲ್ಲೂ ಕಾಣುತ್ತದೆ, ಆದರೆ ಆ ಥೀಮ್ ಆ ಒಂದು ತಾಣಕ್ಕೇ ಮೀಸಲು. ಮುಖಪುಟವನ್ನಷ್ಟೇ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ, ಎಲ್ಲಿಯವರೆಗೆ ಎಂದರೆ ತಾಣ ಜಾಗ ಬದಲಿಸುವವರೆಗೆ.

ದ್ರುಪಾಲ್ ತಂಡ ಮೊದಲಿಗೆ ಸುಲಭದ ದಾರಿ ಹಿಡಿಯಿತು. 4.6ರವರೆಗೂ ಪ್ರತಿ ಪುಟದ ತಲೆಯಲ್ಲಿ ತಾನೇ ಒಂದು ‘ಬೇಸ್’ ಟ್ಯಾಗ್ ಹಾಕುತ್ತಿತ್ತು. 1995ರ ಎಚ್‌ಟಿಎಂಎಲ್ 2.0ರಿಂದಲೂ ಇರುವ ಟ್ಯಾಗ್ ಅದು. ಪುಟ ಎಲ್ಲಿದ್ದರೂ ಇದನ್ನೇ ಬುಡ ಎಂದು ತಿಳಿ ಎಂದು ಬ್ರೌಸರಿಗೆ ಹೇಳುತ್ತದೆ. ಸೆಟ್ಟಿಂಗ್ಸ್ ಕಡತದಲ್ಲಿ ತಾಣದ ವಿಳಾಸ ಒಮ್ಮೆ ಬರೆದರೆ ಮುಗಿಯಿತು, ಥೀಮ್‌ನವರು ‘ಚಿತ್ರ/ಲೋಗೋ’ ಎಂದಷ್ಟೇ ಬರೆದು ನಿಶ್ಚಿಂತೆಯಿಂದ ಇರಬಹುದು. ಕೇಳಲು ಚೆನ್ನಾಗಿದೆ. ತೊಂದರೆ ಎಲ್ಲಿ ಬಂತು ಎಂದರೆ, ಉದ್ದನೆಯ ಲೇಖನದ ಕೊನೆಯಲ್ಲಿ ‘ಮೇಲಕ್ಕೆ ಹೋಗಿ’ ಎಂಬ ಕೊಂಡಿ ಇರುತ್ತದಲ್ಲ, ಬರೀ ಹ್ಯಾಷ್ ಗುರುತಿನದು, ಅದೂ ಒಂದು ಅರ್ಧ ವಿಳಾಸವೇ. ಅದಕ್ಕೂ ಬೇಸ್ ಟ್ಯಾಗ್ ಅನ್ವಯಿಸಿತು. ಲೇಖನದ ತಲೆಗೆ ಹೋಗಬೇಕಾದ ಓದುಗ ತಾಣದ ಮುಖಪುಟಕ್ಕೆ ಹೋಗಿ ಬೀಳುತ್ತಿದ್ದ. ಅಡಿಟಿಪ್ಪಣಿ ಒತ್ತಿದರೂ ಅದೇ ಗತಿ. 2006ರ ಮೇ ತಿಂಗಳಲ್ಲಿ ಬಂದ ದ್ರುಪಾಲ್ 4.7 ಆ ಟ್ಯಾಗನ್ನೇ ಕಿತ್ತುಹಾಕಿತು. ಬದಲಿಗೆ ‘ಬೇಸ್ ಪಾತ್’ ಎಂಬ ಫಂಕ್ಷನ್ ಕೊಟ್ಟು, ವಿಳಾಸ ಬೇಕಾದಲ್ಲೆಲ್ಲ ಅದನ್ನು ಕರೆಯಿರಿ ಎಂದಿತು. ಹಳೆಯ ಥೀಮ್‌ಗಳನ್ನೆಲ್ಲ ತೆರೆದು, ಒಂದೊಂದು ಚಿತ್ರದ ಮುಂದೂ ಈ ಕರೆಯನ್ನು ಸೇರಿಸಬೇಕಾಯಿತು. ಥೀಮ್ ಬರೆಯುವವರು ಗೊಣಗಿದರು ಎಂದು ಬೇರೆ ಹೇಳಬೇಕಿಲ್ಲ. ಆದರೆ ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ತಿರುವು ಇದೇ. ವಿಳಾಸವನ್ನು ಓದುಗನ ಬ್ರೌಸರ್ ಊಹಿಸಿಕೊಳ್ಳುವುದು ನಿಂತು, ಸರ್ವರೇ ಪುಟ ಕಟ್ಟುವಾಗ ಪೂರ್ತಿ ಮಾಡಿ ಕೊಡುವ ಕಾಲ ಬಂತು. ಥೀಮ್‌ಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಿರಬೇಕಿಲ್ಲ, ಕೇಳಲು ಗೊತ್ತಿದ್ದರೆ ಸಾಕು.

ವರ್ಡ್‌ಪ್ರೆಸ್ ಮೊದಲಿನಿಂದಲೂ ಕೇಳುವ ಜಾತಿಯದು. ಡೇಟಾಬೇಸಿನಲ್ಲಿ ‘ಸೈಟ್‌ಯುಆರ್‌ಎಲ್’, ‘ಹೋಮ್’ ಎಂದು ಎರಡು ಸಾಲು. ಥೀಮ್ ಅವನ್ನು ಫಂಕ್ಷನ್ ಮೂಲಕ ಕೇಳಿ ಪಡೆಯುತ್ತದೆ. ಅದರ ಎಡವಟ್ಟು ಬೇರೆ ಕಡೆ ಇದೆ. ಲೇಖನದೊಳಗೆ ಚಿತ್ರ ಸೇರಿಸಿದಾಗ ಅದು ಪೂರ್ತಿ ವಿಳಾಸವನ್ನೇ ಬರಹದ ಮಧ್ಯೆ ಬರೆದಿಡುತ್ತದೆ. ಥೀಮ್ ಎಷ್ಟೇ ಶುದ್ಧವಾಗಿದ್ದರೂ ತಾಣದ ಹೆಸರು ಬದಲಾದ ದಿನ ಸಾವಿರಾರು ಲೇಖನದೊಳಗೆ ಹಳೆಯ ಹೆಸರು ಕೂತಿರುತ್ತದೆ. ಹುಡುಕಿ ಬದಲಿಸೋಣ ಎಂದರೆ ಅಲ್ಲೊಂದು ಹಳ್ಳವಿದೆ. ಥೀಮ್‌ನ ಆಯ್ಕೆಗಳನ್ನು ವರ್ಡ್‌ಪ್ರೆಸ್ಸಿನ ಭಾಷೆಯಾದ ಪಿಎಚ್‌ಪಿ ಒಂದು ವಿಚಿತ್ರ ರೀತಿಯಲ್ಲಿ ಕಟ್ಟಿಡುತ್ತದೆ: ಪ್ರತಿ ಪದದ ಮುಂದೆ ಅದರ ಉದ್ದವನ್ನೂ ಬರೆದು. ಪದವನ್ನು ಬದಲಿಸಿ ಉದ್ದವನ್ನು ಹಾಗೇ ಬಿಟ್ಟರೆ ಇಡೀ ಕಟ್ಟು ಬಿಚ್ಚಿಕೊಳ್ಳುವುದಿಲ್ಲ. ಮೆನು, ವಿಜೆಟ್, ಲೋಗೋ ಎಲ್ಲ ಒಟ್ಟಿಗೆ ಕಾಣೆಯಾಗುತ್ತವೆ. ಮುಂದೆ ಡಬ್ಲ್ಯೂಪಿ-ಸಿಎಲ್‌ಐ ಎಂಬ ಉಪಕರಣ ಬಂದು, ಬದಲಿಸುವಾಗ ಉದ್ದವನ್ನೂ ತಿದ್ದುವ ಆಜ್ಞೆ ಕೊಟ್ಟ ಮೇಲೆ ಜನ ಉಸಿರಾಡಿದರು.

ಈ ಉದ್ದದ ವಿಷಯದಲ್ಲಿ ನಮ್ಮ ಜಿಲ್ಲೆಗೆ ತಮಾಷೆಯ ಅದೃಷ್ಟವಿದೆ. ಜಿಲ್ಲೆಯ ತಾಣ ಹಿಂದೆ ಬ್ಯಾಂಗಲೋರ್‌ರೂರಲ್ ಡಾಟ್ ಎನ್‌ಐಸಿ ಡಾಟ್ ಇನ್ ಆಗಿತ್ತು, ಆಮೇಲೆ ಬೆಂಗಳೂರುರೂರಲ್ ಡಾಟ್ ಎನ್‌ಐಸಿ ಡಾಟ್ ಇನ್ ಆಯಿತು. ರೋಮನ್ ಅಕ್ಷರಗಳಲ್ಲಿ ಎಣಿಸಿ ನೋಡಿ: ಬ್ಯಾಂಗಲೋರ್‌ಗೆ 9, ಬೆಂಗಳೂರಿಗೂ 9, ರೂರಲ್‌ಗೆ 5. ಒಟ್ಟು 14, ಎರಡೂ ಸಮ. ನಾಳೆ ‘ಬೆಂಗಳೂರುನಾರ್ತ್’ ಎಂದು ತಾಣ ಬಂದರೆ ಅದಕ್ಕೂ 14ವೇ. ಮೈಸೂರಿಗೂ ಇದೇ ಭಾಗ್ಯ, ಹಳೆಯದೂ 6, ಹೊಸದೂ 6. ಶಿವಮೊಗ್ಗಕ್ಕೆ ಅದಿಲ್ಲ: ‘ಶಿಮೊಗ’ 7 ಇದ್ದದ್ದು ಹೊಸ ಹೆಸರಲ್ಲಿ 10. ಬೇಕಾಬಿಟ್ಟಿ ಹುಡುಕಿ ಬದಲಿಸಿದರೂ ಕಟ್ಟು ಕೆಡದ ಜಿಲ್ಲೆ ನಮ್ಮದು. ಅಂದಹಾಗೆ 2014ರ ನಂತರವೂ ಮೈಸೂರು, ಶಿವಮೊಗ್ಗ ಜಿಲ್ಲೆಗಳ ತಾಣಗಳು ಇಂಗ್ಲಿಷಿನ ಹಳೆಯ ಹೆಸರಿನಲ್ಲೇ ನಡೆದವು. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1998ರಲ್ಲೇ ಬರ್ನರ್ಸ್-ಲೀ, ಒಳ್ಳೆಯ ವಿಳಾಸ ಎಂದರೆ ಬದಲಾಗದ ವಿಳಾಸ ಎಂದು ಒಂದು ಪುಟ್ಟ ಪ್ರಬಂಧದಲ್ಲಿ ವಾದಿಸಿದ್ದ. ನಾಮಫಲಕ ಬದಲಿಸಲು ಒಂದು ಡಬ್ಬಿ ಬಣ್ಣ ಸಾಕು. ಬೇರೆಯವರು ತಮ್ಮಲ್ಲಿ ಬರೆದಿಟ್ಟುಕೊಂಡ ವಿಳಾಸವನ್ನು ನಾವು ತಿದ್ದಲಾಗದು.

ಜಿಲ್ಲಾ ತಾಣಗಳ ಈಗಿನ ರೂಪ ಎಸ್3ವಾಸ್ ಎಂಬ ವ್ಯವಸ್ಥೆಯದು. ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ, ವರ್ಡ್‌ಪ್ರೆಸ್ಸನ್ನೇ ಬುಡವಾಗಿ ಇಟ್ಟುಕೊಂಡು ಕಟ್ಟಿದ್ದು. 2010ರ ದಶಕದ ಕೊನೆಯಲ್ಲಿ ದೇಶದ ಜಿಲ್ಲೆಗಳು ಒಂದೊಂದಾಗಿ ಇದಕ್ಕೆ ಬಂದವು. ಕೆಲವೇ ಥೀಮ್‌ಗಳು, ನೂರಾರು ಜಿಲ್ಲೆ. ಇದರಲ್ಲಿ ಒಂದು ಜಾಣತನ ಕಾಣುತ್ತದೆ. ತಾಣಕ್ಕೆ ಏರಿಸಿದ ಅಧಿಸೂಚನೆ, ಟೆಂಡರ್, ಫೋಟೊಗಳ ವಿಳಾಸದಲ್ಲಿ ಜಿಲ್ಲೆಯ ಹೆಸರೇ ಇಲ್ಲ. ಅವು ಸಿಡಿಎನ್ ಡಾಟ್ ಎಸ್3ವಾಸ್ ಡಾಟ್ ಗವ್ ಡಾಟ್ ಇನ್ ಎಂಬ ಬೇರೆಯೇ ಬುಡದ ಕೆಳಗೆ, ಅಂಕಿ ಅಕ್ಷರ ಬೆರೆತ ಅರ್ಥವಿಲ್ಲದ ಒಂದು ಉದ್ದನೆಯ ಸಂಕೇತದೊಳಗೆ ಇರುತ್ತವೆ. ನೋಡಲು ಗಲೀಜು. ಆದರೆ ಸಚಿವ ಸಂಪುಟ ಎಲ್ಲಿ ಸೇರಿ ಯಾವ ಹೆಸರಿಟ್ಟರೂ ಆ ಸಂಕೇತಕ್ಕೆ ಏನೂ ಆಗುವುದಿಲ್ಲ. ಇದಕ್ಕೆ ಹೋಲಿಸಿದರೆ ನಗರಾಡಳಿತದ ತಾಣಗಳಲ್ಲಿ ಊರಿನ ಹೆಸರಿನ ಜೊತೆಗೆ ‘ಟೌನ್’, ‘ಸಿಟಿ’ ಎಂಬ ಬಾಲ ಹಚ್ಚುವ ರೂಢಿ ನಡೆದುಬಂತು. ಪುರಸಭೆ ನಗರಸಭೆಯಾಗಿ ಬಡ್ತಿ ಪಡೆದರೆ ಬಾಲವೂ ಬದಲಾಗಬೇಕು! ಬಡ್ತಿಯನ್ನು ವಿಳಾಸದಲ್ಲಿ ಬರೆಯುವುದು ಯಾರ ಯೋಚನೆಯೋ.

ತಾಣಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್ ಮತ್ತು ಪುಟ ಕಟ್ಟುವ ಜೆಕಿಲ್ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 2008ರ ಕೊನೆಯಲ್ಲಿ ಎರಡೂ ಬಂದವು, ಖರ್ಚಿಲ್ಲದೆ ತಾಣ ಮಾಡಿಕೊಳ್ಳುವ ಅವಕಾಶ ವಿದ್ಯಾರ್ಥಿಗಳಿಗೆ ಸಿಕ್ಕಿತು. ಅಲ್ಲಿ ಒಂದೊಂದು ಪ್ರಾಜೆಕ್ಟ್ ತಾಣವೂ ಮಾಲೀಕನ ವಿಳಾಸದ ಕೆಳಗೆ ಉಪಫೋಲ್ಡರಾಗಿ ಕೂರುತ್ತದೆ. ತನ್ನ ಲ್ಯಾಪ್‌ಟಾಪಿನಲ್ಲಿ ನೆತ್ತಿಯ ಮೇಲಿದ್ದ ಪುಟ, ಏರಿಸಿದ ಕೂಡಲೇ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಬಣ್ಣ, ಫಾಂಟು ಎಲ್ಲ ಕಳಚಿಬಿದ್ದ ಬರೀ ಅಕ್ಷರಗಳ ಪುಟ ಕಾಣುತ್ತದೆ. ಅದಕ್ಕೆಂದೇ ‘ಬೇಸ್‌ಯುಆರ್‌ಎಲ್’ ಎಂಬ ಸೆಟ್ಟಿಂಗ್ ಇತ್ತು. ಹೇಗೆ ಬಳಸಬೇಕು ಎಂಬುದು ಮಾತ್ರ ವರ್ಷಗಟ್ಟಲೆ ಗೊಂದಲ. 2016ರ ಅಕ್ಟೋಬರ್‌ನಲ್ಲಿ ಜೆಕಿಲ್ 3.3 ಅರ್ಧ ವಿಳಾಸಕ್ಕೊಂದು, ಪೂರ್ತಿ ವಿಳಾಸಕ್ಕೊಂದು ಫಿಲ್ಟರ್ ಕೊಟ್ಟ ಮೇಲೆ ಥೀಮ್‌ಗಳು ನೆಟ್ಟಗಾದವು. ಹತ್ತು ವರ್ಷ ಹಿಂದೆ ದ್ರುಪಾಲ್ ಕಲಿತದ್ದನ್ನು ಇವರು ಮೊದಲಿನಿಂದ ಕಲಿತರು. 2018ರ ಜುಲೈನಲ್ಲಿ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿ ತಾಣಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂದು ಹಣೆಪಟ್ಟಿ ಹಚ್ಚತೊಡಗಿದಾಗ ಮತ್ತೊಂದು ಸುತ್ತು. ವಿಳಾಸದಲ್ಲಿ ಸೇರಬೇಕಾದದ್ದು ಒಂದೇ ಒಂದು ಅಕ್ಷರ, ಎಚ್‌ಟಿಟಿಪಿಯ ಕೊನೆಗೊಂದು ‘ಎಸ್’. ಪೂರ್ತಿ ವಿಳಾಸ ಬರೆದಿಟ್ಟ ಥೀಮ್‌ಗಳೆಲ್ಲ ಅಂದು ಬಣ್ಣಗೆಟ್ಟವು.

ಕನ್ನಡದಲ್ಲೇ ವಿಳಾಸ ಇಡುವವರಿಗೆ ಇನ್ನೊಂದು ಲೆಕ್ಕವಿದೆ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೆ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಗುರುತಿನೊಂದಿಗೆ ಮೂರು ಅಕ್ಷರವಾಗುತ್ತದೆ. ಅಂದರೆ ಚಿಹ್ನೆಗೆ ಒಂಬತ್ತು. ‘ಹೊಸಕೋಟೆ’ಯಲ್ಲಿ ಸ್ವರಚಿಹ್ನೆಗಳೂ ಸೇರಿ 7 ಚಿಹ್ನೆ, ವಿಳಾಸದಲ್ಲಿ 63 ಅಕ್ಷರ. ವರ್ಡ್‌ಪ್ರೆಸ್ ಒಂದು ಲೇಖನದ ವಿಳಾಸದ ಬಾಲಕ್ಕೆ 200ರ ಮಿತಿ ಹಾಕಿದೆ. ಇಂಗ್ಲಿಷಿನವರು ಆ ಮಿತಿಯನ್ನು ಮುಟ್ಟುವುದೇ ಅಪರೂಪ. ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದು ಶೀರ್ಷಿಕೆ ಕೊಡಿ: 23 ಚಿಹ್ನೆ, ನಡುವೆ ಎರಡು ಅಡ್ಡಗೆರೆ, ಒಟ್ಟು 209. ಕೊನೆಯ ಚಿಹ್ನೆ ಬಿಟ್ಟರೆ ಸರಿಯಾಗಿ 200. ಹೀಗಾಗಿ ಜಿಲ್ಲೆಯ ಎತ್ವ ಕತ್ತರಿಸಿಹೋಗಿ ವಿಳಾಸದಲ್ಲಿ ‘ಬೆಂಗಳೂರು-ಗ್ರಾಮಾಂತರ-ಜಿಲ್ಲ’ ಉಳಿಯುತ್ತದೆ. ಹೊಸ ಹೆಸರಿನ ಪರವಾಗಿ ಸಂಪುಟಕ್ಕೆ ಹೊಳೆದಿರಲಾರದ ವಾದವೊಂದು ಇಲ್ಲಿದೆ: ‘ಬೆಂಗಳೂರು ಉತ್ತರ ಜಿಲ್ಲೆ’ಗೆ 173 ಸಾಕು, ಎತ್ವ ಸಮೇತ ಹಿಡಿಸುತ್ತದೆ.

ಹಾಗಾದರೆ ಹೆಸರು ಬದಲಾದ ದಿನ ಕೆಲಸ ಎಷ್ಟು? ಥೀಮ್‌ನಲ್ಲಿ, ಅದು ಕೇಳಿ ಪಡೆಯುವ ಜಾತಿಯದಾಗಿದ್ದರೆ, ಏನೂ ಇಲ್ಲ. ಡೇಟಾಬೇಸಿನಲ್ಲಿ ಎರಡು ಸಾಲು, ಆಮೇಲೆ ಲೇಖನಗಳೊಳಗೆ ಹುಡುಕಿ ಬದಲಿಸುವ ಒಂದು ಆಜ್ಞೆ. ಉಳಿಯುವುದು ಕೈಗೆ ಸಿಗದ ಜಾಗಗಳು. ಶಾಲೆಗಳು ತಮ್ಮ ತಾಣದಲ್ಲಿ ಕೊಟ್ಟ ಕೊಂಡಿ, ವಿಕಿಪೀಡಿಯದ ಅಡಿಟಿಪ್ಪಣಿ, ಪಿಡಿಎಫ್ ಸುತ್ತೋಲೆಯೊಳಗೆ ಅಚ್ಚಾಗಿ ಕೂತ ವಿಳಾಸ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್. ಇವುಗಳಿಗೆ ಬೇಸ್ ಸೆಟ್ಟಿಂಗ್ ಎಂಬುದಿಲ್ಲ. ಹಳೆಯ ಹೆಸರನ್ನು ನೋಂದಣಿಯಲ್ಲಿ ಉಳಿಸಿಕೊಂಡು, ಅಲ್ಲಿಗೆ ಬಂದವರನ್ನು ಪುಟದಿಂದ ಪುಟಕ್ಕೆ ಸರಿಯಾಗಿ ಹೊಸ ವಿಳಾಸಕ್ಕೆ ಕಳಿಸುವ 301 ಎಂಬ ಉತ್ತರವನ್ನು ಸರ್ವರಿನಲ್ಲಿ ಬರೆದಿಡುವುದೊಂದೇ ದಾರಿ. ಎಲ್ಲರನ್ನೂ ಮುಖಪುಟಕ್ಕೆ ತಂದು ಬಿಡುವ ಅಡ್ಡದಾರಿಯನ್ನು ಬಹಳ ಕಡೆ ಹಿಡಿಯುತ್ತಾರೆ. ಸೂಲಿಬೆಲೆಯ ಟೆಂಡರ್ ಹುಡುಕಿಕೊಂಡು ಬಂದವರಿಗೆ ಜಿಲ್ಲೆಯ ಸ್ವಾಗತ ಪುಟದಿಂದ ಉಪಯೋಗವಿಲ್ಲ.